ಮನೆಯ ಒಂದು ಭಾಗ ಬಾಡಿಗೆಗೆ: ಮಾಲೀಕರು ತಿಳಿದಿರಬೇಕಾದ ತೆರಿಗೆ ಲೆಕ್ಕ

ಕೆಳಗಿನ ಮನೆಯಲ್ಲಿ ತಾವಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವುದು ರಾಜ್ಯದ ನಗರ ಪಟ್ಟಣಗಳ ಮಧ್ಯಮ ವರ್ಗದಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿ. ನಿವೃತ್ತಿಯ ಸಂದರ್ಭದಲ್ಲಿ ಕೈಗೆ ಬಂದ ಹಣದಿಂದ ಮೇಲೊಂದು ಅಂತಸ್ತು ಕಟ್ಟಿಸಿ, ಅದರ ಬಾಡಿಗೆಯಲ್ಲಿ ಔಷಧಿ, ದಿನಸಿ, ವಿದ್ಯುತ್ ಬಿಲ್ಲು ಸರಿದೂಗಿಸುವ ಹಿರಿಯರು ಬೀದಿಗೆ ನಾಲ್ಕು ಮಂದಿ ಸಿಗುತ್ತಾರೆ. ಬ್ಯಾಂಕ್ ಸಾಲ ಮಾಡಿ ಎರಡು ಮಹಡಿ ಎತ್ತಿಸಿ, ಒಂದರ ಬಾಡಿಗೆಯಿಂದ ಕಂತು ಕಟ್ಟುವ ಯುವ ದಂಪತಿಗಳೂ ಕಡಿಮೆಯಿಲ್ಲ. ಈ ಬಾಡಿಗೆಯನ್ನು ಬಹುತೇಕರು ಮನೆಯ ಖರ್ಚಿಗೆ ಒದಗುವ ಚಿಲ್ಲರೆ ಹಣವೆಂದೇ ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಮೊದಲ ರೂಪಾಯಿಯಿಂದಲೇ ಆದಾಯ.

ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟ ಕ್ಷಣದಿಂದ ಮಾಲೀಕನು ಎರಡು ಕಡೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಒಂದು, ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲಾಖೆ. ಮತ್ತೊಂದು, ಆಸ್ತಿ ತೆರಿಗೆ ವಸೂಲು ಮಾಡುವ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ. ಮೊದಲನೆಯದಕ್ಕೆ ಬಾಡಿಗೆ ಬರುತ್ತಿದೆಯೆಂದು ಹೇಳಿ, ಎರಡನೆಯದಕ್ಕೆ ಇಡೀ ಮನೆ ಸ್ವಂತ ವಾಸಕ್ಕೆಂದು ಬರೆದುಕೊಟ್ಟವರು ಇದ್ದಾರೆ. ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡವರೂ ಇದ್ದಾರೆ. ದಾಖಲೆಗಳೆಲ್ಲ ಗಣಕೀಕೃತಗೊಂಡಿರುವ ಈ ಕಾಲದಲ್ಲಿ ಇವೆರಡೂ ಹೇಳಿಕೆಗಳು ಬಹುಕಾಲ ಬೇರೆಬೇರೆಯಾಗಿ ಉಳಿಯುವುದು ಕಷ್ಟ.

ಒಂದೇ ಕಟ್ಟಡ, ಎರಡು ಘಟಕ

1961ರ ಆದಾಯ ತೆರಿಗೆ ಕಾಯ್ದೆಯು 22ರಿಂದ 27ನೇ ಕಲಂಗಳಲ್ಲಿ 'ಮನೆ ಆಸ್ತಿಯಿಂದ ಬರುವ ಆದಾಯ' ಎಂಬ ಪ್ರತ್ಯೇಕ ಶೀರ್ಷಿಕೆಯನ್ನು ಇರಿಸಿದೆ. ಅದರ ಸ್ಥಾನಕ್ಕೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಹೊಸ ಕಾಯ್ದೆಯಲ್ಲಿ ಇದೇ ವಿಷಯ 20ರಿಂದ 25ನೇ ಕಲಂಗಳಲ್ಲಿದೆ. 'ತೆರಿಗೆ ನಿರ್ಧರಣಾ ವರ್ಷ' ಎಂಬ ಗೊಂದಲದ ಮಾತು ಹೋಗಿ 'ತೆರಿಗೆ ವರ್ಷ' ಎಂಬ ಒಂದೇ ಪದ ಬಂದಿದೆ. ಕಲಂಗಳ ಸಂಖ್ಯೆ ಬದಲಾಗಿದ್ದರೂ ಬಾಡಿಗೆ ಆದಾಯದ ಲೆಕ್ಕದ ತಿರುಳು ಹಾಗೆಯೇ ಮುಂದುವರಿದಿದೆ. 2025-26ನೇ ಹಣಕಾಸು ವರ್ಷದವರೆಗಿನ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯವಾಗುವುದರಿಂದ ಇಲ್ಲಿ ಅದರ ಕಲಂಗಳನ್ನೇ ಉಲ್ಲೇಖಿಸಲಾಗಿದೆ.

ಕಟ್ಟಡ ಒಂದೇ ಆಗಿದ್ದು ಖಾತೆಯೂ ಒಂದೇ ಇದ್ದರೂ, ತಾನು ವಾಸಿಸುವ ಭಾಗ ಮತ್ತು ಬಾಡಿಗೆಗೆ ಕೊಟ್ಟ ಭಾಗ ತೆರಿಗೆಯ ಲೆಕ್ಕದಲ್ಲಿ ಎರಡು ಪ್ರತ್ಯೇಕ ಘಟಕಗಳಾಗುತ್ತವೆ. ಸ್ವಂತ ವಾಸದ ಭಾಗದ ವಾರ್ಷಿಕ ಮೌಲ್ಯ ಶೂನ್ಯ. ಅದಕ್ಕೆ ತೆರಿಗೆಯಿಲ್ಲ. ಬಾಡಿಗೆಯ ಭಾಗಕ್ಕೆ ಮಾತ್ರ ವಾರ್ಷಿಕ ಮೌಲ್ಯ ಕಟ್ಟಬೇಕು. ಇಡೀ ಮನೆಗೆ ಸೇರಿದ ಕಂದಾಯ, ಸಾಲದ ಬಡ್ಡಿ ಮುಂತಾದವನ್ನು ಎರಡೂ ಭಾಗಗಳಿಗೆ ಹಂಚಬೇಕು. ಹಂಚಿಕೆಗೆ ಸಾಮಾನ್ಯವಾಗಿ ವಿಸ್ತೀರ್ಣವೇ ಆಧಾರ.

ಬಾಡಿಗೆ ಭಾಗದ ವಾರ್ಷಿಕ ಮೌಲ್ಯವೆಂದರೆ ಕೈಗೆ ಬಂದ ಬಾಡಿಗೆಯಷ್ಟೇ ಅಲ್ಲ. ಆ ಭಾಗದಿಂದ ಸಮಂಜಸವಾಗಿ ನಿರೀಕ್ಷಿಸಬಹುದಾದ ಬಾಡಿಗೆ ಮತ್ತು ನಿಜವಾಗಿ ಬಂದ ಬಾಡಿಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಬಾಡಿಗೆದಾರರು ಬಿಟ್ಟುಹೋಗಿ ಎರಡು ತಿಂಗಳು ಮನೆ ಖಾಲಿ ಬಿದ್ದಿದ್ದರೆ, ಆ ಕಾರಣದಿಂದ ಕಡಿಮೆಯಾದ ಬಾಡಿಗೆಯನ್ನೇ ಒಪ್ಪಲಾಗುತ್ತದೆ. ಆದರೆ ಖಾಲಿ ಬೀಳುವುದು ಬೇರೆ, ಸ್ವತಃ ಬಳಸುವುದು ಬೇರೆ. ಹೊರದೇಶದಿಂದ ಮಗ ಬರುತ್ತಾನೆಂದು ಮೇಲಿನ ಮಹಡಿಯನ್ನು ನಾಲ್ಕು ತಿಂಗಳು ತಾವೇ ಇಟ್ಟುಕೊಂಡು, ಉಳಿದ ಎಂಟು ತಿಂಗಳು ಬಾಡಿಗೆಗೆ ಕೊಟ್ಟರೆ, ಆ ವರ್ಷದ ಮಟ್ಟಿಗೆ ಆ ಮಹಡಿಗೆ ಸ್ವಂತ ವಾಸದ ಸವಲತ್ತು ಇಲ್ಲ. ಇಡೀ ವರ್ಷದ ನಿರೀಕ್ಷಿತ ಬಾಡಿಗೆಯೂ ಎಂಟು ತಿಂಗಳ ನಿಜ ಬಾಡಿಗೆಯೂ ಹೋಲಿಕೆಗೆ ಬರುತ್ತವೆ. ಲೆಕ್ಕಪರಿಶೋಧಕರ ಬಳಿಗೆ ಹೋಗದೆ ತಾವೇ ರಿಟರ್ನ್ಸ್ ತುಂಬುವವರ ಕಣ್ಣಿಗೆ ಈ ಅಂಶ ಬೀಳುವುದೇ ಅಪರೂಪ.

ಲೆಕ್ಕದ ಕ್ರಮ

ಒಂದು ಉದಾಹರಣೆ ನೋಡಬಹುದು. ಮೈಸೂರಿನಲ್ಲಿ ತಲಾ 1,000 ಚದರ ಅಡಿಯ ಎರಡು ಅಂತಸ್ತಿನ ಮನೆಯಿದೆ ಎಂದುಕೊಳ್ಳೋಣ. ಮಾಲೀಕರು ಕೆಳಗಿದ್ದಾರೆ. ಮೇಲಿನ ಮಹಡಿಗೆ ತಿಂಗಳಿಗೆ 15,000 ರೂ. ಬಾಡಿಗೆ. ವರ್ಷಕ್ಕೆ 1,80,000 ರೂ. ಆಯಿತು. ಇಡೀ ಮನೆಗೆ ಕಟ್ಟಿದ ಕಂದಾಯ 12,000 ರೂ. ಎಂದಾದರೆ ಅರ್ಧ, ಅಂದರೆ 6,000 ರೂ. ಮೇಲಿನ ಮಹಡಿಯ ಪಾಲು. ಅದನ್ನು ಕಳೆದಾಗ ಉಳಿಯುವ 1,74,000 ರೂ. ನಿವ್ವಳ ವಾರ್ಷಿಕ ಮೌಲ್ಯ. ಇದರಲ್ಲಿ ಶೇ. 30ರಷ್ಟು, ಅಂದರೆ 52,200 ರೂ. ಕಾಯ್ದೆಯೇ ಬಿಟ್ಟುಕೊಡುತ್ತದೆ. ಉಳಿದ 1,21,800 ರೂ. ತೆರಿಗೆಗೆ ಒಳಪಡುವ ಆದಾಯ.

ಮನೆಯ ಮೇಲೆ ಸಾಲವಿದ್ದು ವರ್ಷಕ್ಕೆ 2,40,000 ರೂ. ಬಡ್ಡಿ ಕಟ್ಟುತ್ತಿದ್ದರೆ ಅದರ ಅರ್ಧ, 1,20,000 ರೂ. ಮೇಲಿನ ಮಹಡಿಗೆ ಸಲ್ಲುತ್ತದೆ. ಆಗ ಬಾಡಿಗೆ ಭಾಗದ ಆದಾಯ 1,800 ರೂಪಾಯಿಗೆ ಇಳಿಯುತ್ತದೆ. ಬಾಡಿಗೆಗೆ ಕೊಟ್ಟ ಭಾಗದ ಬಡ್ಡಿಗೆ ಮಿತಿಯೆಂಬುದಿಲ್ಲ. ಕಂತಿನಲ್ಲಿರುವ ಅಸಲು ಮಾತ್ರ ಇಲ್ಲಿ ಲೆಕ್ಕಕ್ಕೆ ಬಾರದು. ಅದಕ್ಕೆ ಹಳೆಯ ತೆರಿಗೆ ಪದ್ಧತಿಯ 80ಸಿ ಕಲಂ ಅಡಿ 1.50 ಲಕ್ಷ ರೂ. ಒಳಗಿನ ಕಡಿತವಷ್ಟೇ ಇದೆ.

ಕಂದಾಯದ ವಿಷಯದಲ್ಲಿ ಎರಡು ನಿಬಂಧನೆಗಳಿವೆ. ಅದನ್ನು ಮಾಲೀಕನೇ ಭರಿಸಿರಬೇಕು. ಅದೇ ವರ್ಷದಲ್ಲಿ ನಿಜವಾಗಿ ಪಾವತಿಯಾಗಿರಬೇಕು. ಬಾಕಿ ಉಳಿಸಿಕೊಂಡ ಕಂದಾಯಕ್ಕೆ ಕಡಿತವಿಲ್ಲ. ಮೂರು ವರ್ಷದ ಬಾಕಿಯನ್ನು ಒಂದೇ ವರ್ಷ ಕಟ್ಟಿದರೆ ಆ ವರ್ಷದಲ್ಲೇ ಪೂರ್ತಿ ಕಳೆಯಬಹುದು.

ಶೇ. 30ರ ಕಡಿತದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಇದು ದುರಸ್ತಿ, ನಿರ್ವಹಣೆ ಎಲ್ಲಕ್ಕೂ ಸೇರಿಸಿ ಕಾಯ್ದೆ ಕೊಡುವ ಇಡಿಗಂಟು. ವರ್ಷದಲ್ಲಿ ಒಂದು ರೂಪಾಯಿ ಖರ್ಚಾಗದಿದ್ದರೂ ಸಿಗುತ್ತದೆ. ಒಂದು ಲಕ್ಷ ಖರ್ಚಾದರೂ ಹೆಚ್ಚಾಗುವುದಿಲ್ಲ. ಸುಣ್ಣ ಬಣ್ಣ, ನಲ್ಲಿ ರಿಪೇರಿ, ಬೇಸಿಗೆಯ ನೀರಿನ ಟ್ಯಾಂಕರ್, ಮನೆ ತೋರಿಸಿದ ದಲ್ಲಾಳಿಗೆ ಕೊಟ್ಟ ಒಂದು ತಿಂಗಳ ಬಾಡಿಗೆ, ಸೋರುವ ತಾರಸಿಗೆ ಹಾಕಿಸಿದ ಗಾರೆ ಯಾವುದನ್ನೂ ಪ್ರತ್ಯೇಕವಾಗಿ ಕಳೆಯಲಾಗದು. ಹಳೆಯ ಮನೆಯ ಮಾಲೀಕರಿಗೆ ಇದು ಅನ್ಯಾಯವೆನಿಸಬಹುದು. ಹೊಸ ಮನೆಯವರಿಗೆ ಲಾಭವೇ.

ಬಾಡಿಗೆ ಕೊಡದೆ ಸತಾಯಿಸಿದ ಬಾಡಿಗೆದಾರರ ವಿಷಯದಲ್ಲಿಯೂ ಸ್ವಲ್ಪ ಸಮಾಧಾನವಿದೆ. ವಸೂಲಾಗದ ಬಾಡಿಗೆಯನ್ನು ಆದಾಯದಿಂದ ಬಿಡಬಹುದು. ಆದರೆ ಬಾಡಿಗೆ ವ್ಯವಹಾರ ನಿಜವಾದದ್ದಾಗಿರಬೇಕು. ಆತ ಮನೆ ಖಾಲಿ ಮಾಡಿರಬೇಕು ಅಥವಾ ಮಾಡಿಸಲು ಕ್ರಮ ಕೈಗೊಂಡಿರಬೇಕು. ಅದೇ ಮಾಲೀಕನ ಬೇರೊಂದು ಮನೆಯಲ್ಲಿ ಆತ ಇರಬಾರದು. ವಸೂಲಿಗೆ ಕಾನೂನು ಕ್ರಮ ಜರುಗಿಸಿರಬೇಕು ಅಥವಾ ಅದು ವ್ಯರ್ಥವೆಂದು ತೋರಿಸಬೇಕು. ಮುಂದೆಂದಾದರೂ ಆ ಹಣ ಬಂದರೆ ಬಂದ ವರ್ಷದಲ್ಲಿ ಶೇ. 30 ಕಳೆದು ತೆರಿಗೆ ಕಟ್ಟಬೇಕು.

ಹೊಸ ಪದ್ಧತಿಯೋ, ಹಳೆಯದೋ?

2023-24ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಬೇಕೆಂದವರು ಮಾತ್ರ ಹಳೆಯದನ್ನು ಆಯ್ದುಕೊಳ್ಳಬೇಕು. ಭಾಗಶಃ ಬಾಡಿಗೆಗೆ ಕೊಟ್ಟವರಿಗೆ ಈ ಆಯ್ಕೆಯಿಂದ ಆಗುವ ವ್ಯತ್ಯಾಸ ಸಣ್ಣದಲ್ಲ.

ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಭಾಗದ ಸಾಲದ ಬಡ್ಡಿಗೂ ವರ್ಷಕ್ಕೆ 2 ಲಕ್ಷ ರೂ. ತನಕ ಕಡಿತವಿದೆ. ಸಾಲ ಪಡೆದ ವರ್ಷ ಮುಗಿದ ಐದು ವರ್ಷದೊಳಗೆ ಮನೆ ಪೂರ್ಣಗೊಂಡಿರಬೇಕು. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ. ಬಾಡಿಗೆ ಭಾಗದ ಬಡ್ಡಿಗೆ ಎರಡರಲ್ಲೂ ಅವಕಾಶವಿದೆಯಾದರೂ, ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ ಹಳೆಯ ಪದ್ಧತಿಯಲ್ಲಿ 2 ಲಕ್ಷ ರೂ. ವರೆಗಿನ ನಷ್ಟವನ್ನು ಸಂಬಳ, ಪಿಂಚಣಿ ಮುಂತಾದವುಗಳಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಕಳೆಯುವಂತಿಲ್ಲ.

ಇಷ್ಟು ಕೇಳಿದ ಕೂಡಲೇ ಸಾಲವಿರುವವರಿಗೆ ಹಳೆಯದೇ ಲೇಸೆಂದು ತೋರುವುದು ಸಹಜ. ಅಂಕಿಗಳು ಬೇರೆಯದನ್ನೇ ಹೇಳುತ್ತವೆ. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ 4 ಲಕ್ಷ ರೂ. ವರೆಗೆ ತೆರಿಗೆಯಿಲ್ಲ. ಬಳಿಕ ಪ್ರತಿ 4 ಲಕ್ಷಕ್ಕೆ ಶೇ. 5, 10, 15, 20, 25 ಎಂದು ಏರುತ್ತ, 24 ಲಕ್ಷ ದಾಟಿದ ಮೇಲೆ ಶೇ. 30 ಆಗುತ್ತದೆ. ಒಟ್ಟು ಆದಾಯ 12 ಲಕ್ಷ ಮೀರದ ನಿವಾಸಿಗಳಿಗೆ ರಿಯಾಯಿತಿಯ ಕಾರಣ ತೆರಿಗೆ ಸೊನ್ನೆ.

ಮೈಸೂರಿನ ಮನೆಯ ಮಾಲೀಕರು ವರ್ಷಕ್ಕೆ 6 ಲಕ್ಷ ರೂ. ಪಿಂಚಣಿ ಪಡೆಯುವ ನಿವೃತ್ತರಾಗಿದ್ದರೆ ಚಿಂತೆಯಿಲ್ಲ. ಸಾಲವಿಲ್ಲದೆ 1,21,800 ರೂ. ಸೇರಿಸಿದರೂ ಒಟ್ಟು 12 ಲಕ್ಷದ ಹತ್ತಿರವೂ ಬರುವುದಿಲ್ಲ. ತೆರಿಗೆ ಇಲ್ಲ; ಆದರೆ ಆದಾಯ 4 ಲಕ್ಷ ದಾಟಿರುವುದರಿಂದ ರಿಟರ್ನ್ಸ್ ಸಲ್ಲಿಸುವುದು ಕಡ್ಡಾಯ. ತೆರಿಗೆಯಿಲ್ಲದ ಮೇಲೆ ರಿಟರ್ನ್ಸ್ ಏತಕ್ಕೆ ಎಂಬ ಮಾತು ಹಿರಿಯರಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯಲ್ಲ.

ಅದೇ ಮಾಲೀಕರು 12,75,000 ರೂ. ಸಂಬಳದ ನೌಕರರಾಗಿದ್ದರೆ ಚಿತ್ರ ಬದಲಾಗುತ್ತದೆ. 75,000 ರೂ. ಪ್ರಮಾಣಿತ ಕಡಿತದ ನಂತರ ಅವರ ಆದಾಯ ಸರಿಯಾಗಿ 12 ಲಕ್ಷ. ಬಾಡಿಗೆಯಿಲ್ಲದಿದ್ದರೆ ತೆರಿಗೆ ಸೊನ್ನೆ. ಬಾಡಿಗೆಯ 1,21,800 ರೂ. ಸೇರಿದೊಡನೆ ಒಟ್ಟು 13,21,800 ರೂ. ಆಗಿ ರಿಯಾಯಿತಿಯೇ ತಪ್ಪಿಹೋಗುತ್ತದೆ. ತೆರಿಗೆ 78,270 ರೂ., ಅದರ ಮೇಲೆ ಶೇ. 4ರ ಸೆಸ್ ಸೇರಿ ಸುಮಾರು 81,400 ರೂ. ತಿಂಗಳಿಗೆ 15,000 ರೂ. ಬಾಡಿಗೆ ಪಡೆದವರ ಕೈಯಿಂದ ವರ್ಷಕ್ಕೆ ಐದು ತಿಂಗಳಿಗೂ ಹೆಚ್ಚಿನ ಬಾಡಿಗೆ ಹೀಗೆ ಹೋಗುತ್ತದೆ.

ಇವರಿಗೇ ಮೇಲೆ ಹೇಳಿದ ಸಾಲವಿದ್ದರೆ? ಬಾಡಿಗೆ ಆದಾಯ 1,800 ರೂ. ಮಾತ್ರ. ಒಟ್ಟು 12,01,800 ರೂ. ಮಿತಿಯನ್ನು ಸ್ವಲ್ಪವೇ ದಾಟಿದವರ ತೆರಿಗೆ, ಹೆಚ್ಚಾದ ಮೊತ್ತವನ್ನು ಮೀರಬಾರದೆಂಬ ನಿಯಮವಿರುವುದರಿಂದ ತೆರಿಗೆ 1,800 ರೂ., ಸೆಸ್ ಸೇರಿ 1,872 ರೂ. ಹಳೆಯ ಪದ್ಧತಿಗೆ ಹೋದರೆ ಎರಡೂ ಭಾಗಗಳ ಬಡ್ಡಿಯಿಂದ 1,18,200 ರೂ. ನಷ್ಟ ಸಿಗುತ್ತದೆ. 50,000 ರೂ. ಪ್ರಮಾಣಿತ ಕಡಿತ, 80ಸಿ ಅಡಿಯ ಪೂರ್ಣ 1.50 ಲಕ್ಷ ಎಲ್ಲವನ್ನೂ ಕಳೆದ ಮೇಲೂ ಉಳಿಯುವ 9,56,800 ರೂ. ಮೇಲೆ 60 ವರ್ಷದೊಳಗಿನವರಿಗೆ ಸೆಸ್ ಸೇರಿ 1,08,000 ರೂಪಾಯಿಯಷ್ಟು ತೆರಿಗೆ ಬರುತ್ತದೆ. ಸಂಬಳ ಹೆಚ್ಚಾಗಿದ್ದು, ಸಾಲ ದೊಡ್ಡದಿದ್ದು, ಬೇರೆ ಕಡಿತಗಳೂ ಹೇರಳವಾಗಿದ್ದಾಗ ಮಾತ್ರ ಹಳೆಯ ಪದ್ಧತಿ ಗೆಲ್ಲಬಹುದು. ಎರಡನ್ನೂ ಲೆಕ್ಕ ಹಾಕಿ ನೋಡದೆ ನಿರ್ಧರಿಸುವುದು ಜಾಣತನವಲ್ಲ.

ನೌಕರರು ಬಾಡಿಗೆ ಆದಾಯವನ್ನು ತಮ್ಮ ಕಚೇರಿಗೆ ಮೊದಲೇ ತಿಳಿಸಿದರೆ ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುತ್ತಾರೆ. ಇಲ್ಲದಿದ್ದರೆ ಕಟ್ಟಬೇಕಾದ ತೆರಿಗೆ 10,000 ರೂ. ಮುಟ್ಟಿದಾಗ ಮುಂಗಡ ತೆರಿಗೆಯ ಕಂತುಗಳನ್ನು ತಾವೇ ಕಟ್ಟಬೇಕು, ತಪ್ಪಿದರೆ ಬಡ್ಡಿ. ವ್ಯಾಪಾರ, ವೃತ್ತಿಯ ಆದಾಯವಿಲ್ಲದ 60 ವರ್ಷ ಮೇಲ್ಪಟ್ಟ ನಿವಾಸಿಗಳಿಗೆ ಮುಂಗಡ ತೆರಿಗೆಯ ಗೋಜಿಲ್ಲ.

ಅಡ್ವಾನ್ಸ್ ಮತ್ತು ಭೋಗ್ಯ

ಬಾಡಿಗೆದಾರರಿಂದ ಪಡೆಯುವ ಅಡ್ವಾನ್ಸ್ ಆದಾಯವಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಪರಿಪಾಠ ಬಹುಕಾಲ ನಡೆಯಿತು. ಎಷ್ಟೇ ಇದ್ದರೂ ಹಿಂದಿರುಗಿಸಬೇಕಾದ ಹಣವಾದ್ದರಿಂದ ತೆರಿಗೆಯಿಲ್ಲ. ಮನೆ ಬಿಡುವಾಗ ಬಾಕಿ ಬಾಡಿಗೆಗೆಂದು ಮುರಿದುಕೊಂಡ ಮೊತ್ತ ಮಾತ್ರ ಬಾಡಿಗೆಯೇ ಆಗುತ್ತದೆ.

ಹೆಚ್ಚು ಎಡವುವುದು ಭೋಗ್ಯದಲ್ಲಿ. ಬೆಂಗಳೂರಿನ ಆಡುಮಾತಿನಲ್ಲಿ ಇದಕ್ಕೆ 'ಲೀಸ್' ಎಂದೇ ಹೆಸರು. ಮಾಲೀಕ ಒಂದೇ ಗಂಟಿನಲ್ಲಿ ಹತ್ತು ಹನ್ನೆರಡು ಲಕ್ಷ ಪಡೆದು ಎರಡು ಮೂರು ವರ್ಷ ಮನೆ ಬಿಟ್ಟುಕೊಡುತ್ತಾನೆ. ತಿಂಗಳ ಬಾಡಿಗೆ ಇಲ್ಲ. ಅವಧಿ ಮುಗಿದಾಗ ಹಣ ಪೂರ್ತಿ ವಾಪಸು. ಮಗಳ ಮದುವೆಗೆ, ಕಟ್ಟಡದ ಬಾಕಿಗೆ, ದುಬಾರಿ ಸಾಲ ತೀರಿಸಲು ಮಧ್ಯಮ ವರ್ಗದವರು ಈ ದಾರಿ ಹಿಡಿಯುತ್ತಾರೆ. ಬಾಡಿಗೆಯೇ ಇಲ್ಲವಾದ್ದರಿಂದ ತೆರಿಗೆಯೂ ಇಲ್ಲವೆಂದು ಅವರು ನಂಬಿರುತ್ತಾರೆ.

ಕಾಯ್ದೆ ಹೀಗೆ ನೋಡುವುದಿಲ್ಲ. ವಾರ್ಷಿಕ ಮೌಲ್ಯಕ್ಕೆ 'ನಿರೀಕ್ಷಿಸಬಹುದಾದ ಬಾಡಿಗೆ'ಯೂ ಒಂದು ಅಳತೆಯೆಂಬುದನ್ನು ಮೇಲೆಯೇ ಹೇಳಲಾಗಿದೆ. ಪಕ್ಕದಲ್ಲಿ ಅಂಥದ್ದೇ ಮನೆ 15,000 ರೂಪಾಯಿಗೆ ಹೋಗುತ್ತಿದ್ದರೆ, ಭೋಗ್ಯಕ್ಕೆ ಕೊಟ್ಟ ಮಹಡಿಗೂ ವರ್ಷಕ್ಕೆ 1,80,000 ರೂ. ನಿರೀಕ್ಷಿತ ಬಾಡಿಗೆಯೆಂದು ಪರಿಗಣಿಸಬಹುದು. ಕಂದಾಯ, ಶೇ. 30 ಕಳೆದ ಮೇಲೆ ಅದೇ 1,21,800 ರೂ. ಆದಾಯ. ಕೈಗೆ ಬಾರದ ಬಾಡಿಗೆಗೆ ತೆರಿಗೆ! ಭೋಗ್ಯದ ಹಣವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟಿದ್ದರೆ ಅದರ ಬಡ್ಡಿ 'ಇತರ ಮೂಲಗಳ ಆದಾಯ'ವಾಗಿ ಪ್ರತ್ಯೇಕ ತೆರಿಗೆಗೆ ಗುರಿಯಾಗುತ್ತದೆ. ಅದರಿಂದ ಮನೆ ಸಾಲ ತೀರಿಸಿದ್ದರೆ ಬಡ್ಡಿಯ ಕಡಿತ ಕೈತಪ್ಪುತ್ತದೆ. ಹೀಗೆ ಯಾವ ಬಗೆಯಿಂದ ನೋಡಿದರೂ ಭೋಗ್ಯಕ್ಕೆ ತೆರಿಗೆಯ ದೃಷ್ಟಿಯಿಂದ ಬಾಡಿಗೆಗಿಂತ ಹೆಚ್ಚಿನ ಅನುಕೂಲ ಕಾಣುವುದಿಲ್ಲ.

ಈ ದೊಡ್ಡ ಮೊತ್ತವನ್ನು ನಗದಾಗಿ ಪಡೆಯುವುದು ಇನ್ನೂ ಅಪಾಯಕಾರಿ. 20,000 ರೂ. ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನಾಗಲಿ ಠೇವಣಿಯನ್ನಾಗಲಿ ನಗದಿನಲ್ಲಿ ಪಡೆಯುವುದನ್ನು 269ಎಸ್‌ಎಸ್ ಕಲಂ ನಿಷೇಧಿಸಿದೆ. ದಂಡ, ಪಡೆದ ಮೊತ್ತದಷ್ಟೇ. ಹಿಂದಿರುಗಿಸುವಾಗಲೂ ಇಂಥದ್ದೇ ನಿರ್ಬಂಧವಿದೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಕ್ಷೇಮ. ಒಂದು ವರ್ಷ ಮೀರಿದ ಅವಧಿಯ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಬಾಡಿಗೆ ಕರಾರು ಎಲ್ಲೆಡೆ ರೂಢಿಗೆ ಬಂದಿರುವುದು ಇದೇ ಕಾರಣಕ್ಕೆ. ಮೂರು ವರ್ಷದ ಭೋಗ್ಯವನ್ನು ಬರೇ ಛಾಪಾ ಕಾಗದದಲ್ಲಿ ಬರೆದು ಮುಗಿಸುವುದು ಇಬ್ಬರಿಗೂ ಒಳಿತಲ್ಲ.

ಪಾಲಿಕೆಯ ಕಂದಾಯ

ಬೆಂಗಳೂರಿನಲ್ಲಿ 2008-09ನೇ ಸಾಲಿನಿಂದ ಘಟಕ ವಿಸ್ತೀರ್ಣ ಮೌಲ್ಯದ ಸ್ವಯಂ ಘೋಷಣೆ ಪದ್ಧತಿ ಜಾರಿಗೆ ಬಂದಿತು. ನಗರವನ್ನು 'ಎ'ಯಿಂದ 'ಎಫ್'ವರೆಗೆ ಆರು ವಲಯಗಳಾಗಿ ವಿಂಗಡಿಸಿ, ಚದರ ಅಡಿಗೆ ಇಂತಿಷ್ಟೆಂದು ದರ ಕಟ್ಟಲಾಯಿತು. ಸ್ವಂತ ವಾಸದ ಭಾಗದ ದರ ಬಾಡಿಗೆ ಭಾಗದ ದರದ ಅರ್ಧ. 'ಎ' ವಲಯದ ಆರ್‌ಸಿಸಿ ಮನೆಗೆ ಆರಂಭದಲ್ಲಿ ನಿಗದಿಯಾದದ್ದು ಸ್ವಂತಕ್ಕಾದರೆ 2 ರೂ. 50 ಪೈಸೆ, ಬಾಡಿಗೆಗಾದರೆ 5 ರೂ. 2016-17ರಲ್ಲಿ ದರಗಳು ಏರಿದವು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾಗಿವೆ.

ದರ ದುಪ್ಪಟ್ಟಾದ್ದರಿಂದ ಬಾಡಿಗೆಗಿದ್ದ ಮಹಡಿಯನ್ನೂ ಸ್ವಂತ ವಾಸವೆಂದು ಘೋಷಿಸುವ ಆಮಿಷ ಸಹಜ. ಸಿಕ್ಕಿಬಿದ್ದವರು ವ್ಯತ್ಯಾಸದ ತೆರಿಗೆಯ ಜೊತೆಗೆ ದಂಡ, ಬಡ್ಡಿ ಕಟ್ಟಬೇಕಾಯಿತು. ಬಾಕಿದಾರರಿಗಾಗಿ ಪಾಲಿಕೆ ತಂದಿದ್ದ ಒಂದು ಬಾರಿಯ ಇತ್ಯರ್ಥ ಯೋಜನೆ 2024ರ ನವೆಂಬರ್ 30ಕ್ಕೆ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬಾಡಿಗೆ ಭಾಗಕ್ಕೆ ಕಟ್ಟಿದ ಕಂದಾಯ ಆದಾಯ ತೆರಿಗೆಯಲ್ಲಿ ಕಡಿತವಾಗುತ್ತದೆ. ಎರಡು ಸಮಾನ ಮಹಡಿಗಳಲ್ಲಿ ಒಂದಕ್ಕೆ ದುಪ್ಪಟ್ಟು ದರ ಬಿದ್ದಿದ್ದರೆ ಒಟ್ಟು ಕಂದಾಯದ ಮೂರನೇ ಎರಡು ಪಾಲು ಬಾಡಿಗೆ ಮಹಡಿಯದೇ ಆಗಿರುತ್ತದೆ. ಅಂಥ ಕಡೆ ವಿಸ್ತೀರ್ಣದಂತೆ ಅರ್ಧರ್ಧ ಹಂಚಿದರೆ ಮಾಲೀಕನಿಗೇ ನಷ್ಟ. ಪ್ರಾಮಾಣಿಕವಾಗಿ ಘೋಷಿಸಿದವರಿಗೆ ಅಷ್ಟಾದರೂ ಮರಳಿ ಬರುತ್ತದೆ.

ಬಾಡಿಗೆದಾರರು ಮುರಿಯುವ ತೆರಿಗೆ

ತಿಂಗಳ ಬಾಡಿಗೆ 50,000 ರೂ. ದಾಟಿದರೆ ಬಾಡಿಗೆದಾರನಾದ ವ್ಯಕ್ತಿ ಶೇ. 2ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಬೇಕು. 2024ರ ಅಕ್ಟೋಬರ್ 1ರ ಹಿಂದೆ ಇದು ಶೇ. 5 ಇತ್ತು. ಬಹುಪಾಲು ಮೇಲಂತಸ್ತಿನ ಮನೆಗಳಿಗೆ ಈ ಪ್ರಶ್ನೆ ಬರುವುದಿಲ್ಲ. ಅವರಿಗೆ ಸಂಬಂಧಿಸಿದ್ದು ಪ್ಯಾನ್. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ನೌಕರ ವರ್ಷಕ್ಕೆ 1 ಲಕ್ಷ ರೂ. ಮೀರಿದ ಬಾಡಿಗೆ ಕಟ್ಟುತ್ತಿದ್ದರೆ ಮಾಲೀಕನ ಪ್ಯಾನ್ ಸಂಖ್ಯೆ ಕೊಡಬೇಕು. ತಿಂಗಳಿಗೆ 8,400 ರೂ. ಬಾಡಿಗೆಯೂ ಈ ಗೆರೆ ದಾಟುತ್ತದೆ. ಬಾಡಿಗೆದಾರ ಹೇಳಿದ್ದಕ್ಕೂ ಮಾಲೀಕನ ರಿಟರ್ನ್ಸಿಗೂ ತಾಳೆಯಾಗದಿದ್ದರೆ ನೋಟಿಸು ಬರುವ ಸಾಧ್ಯತೆಯಿದೆ. 'ಪ್ಯಾನ್ ಕೊಡುವುದಿಲ್ಲ, ಬೇಕಿದ್ದರೆ ಇರಿ' ಎಂಬ ಮಾತು ಬಾಡಿಗೆದಾರರ ಕಿವಿಗೆ ಹೊಸದಲ್ಲ. ಬ್ಯಾಂಕ್ ಖಾತೆಗೆ ಪ್ರತಿ ತಿಂಗಳೂ ಜಮೆಯಾಗುವ ಹಣವನ್ನು ಅಷ್ಟರಿಂದ ಬಚ್ಚಿಡಲಾಗದು.

ಮನೆ ಹೊರದೇಶದಲ್ಲಿರುವ ಮಗ ಅಥವಾ ಮಗಳ ಹೆಸರಿನಲ್ಲಿದ್ದರೆ ನಿಯಮವೇ ಬೇರೆ. ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇರುವ ಮಗ ಕಟ್ಟಿಸಿದ ಮನೆಯ ಕೆಳಗೆ ತಂದೆತಾಯಿ ಇದ್ದು, ಮೇಲಿನದನ್ನು ಬಾಡಿಗೆಗೆ ಕೊಟ್ಟಿರುವುದು ನಮ್ಮ ಊರುಗಳಲ್ಲಿ ಮಾಮೂಲು. ಬಾಡಿಗೆ ತಂದೆಯ ಖಾತೆಗೆ ಬಂದರೂ ಆದಾಯ ಮಾಲೀಕನಾದ ಮಗನದೇ. ಆತ ಅನಿವಾಸಿಯಾಗಿದ್ದರೆ 50,000 ರೂ. ಮಿತಿ ಅನ್ವಯಿಸದು. ಎಷ್ಟೇ ಬಾಡಿಗೆಯಾದರೂ ಬಾಡಿಗೆದಾರ 195ನೇ ಕಲಂ ಅಡಿ ಸೆಸ್ ಸೇರಿ ಶೇ. 31.2 ಕಡಿತ ಮಾಡಬೇಕು. 40,000 ರೂ. ಬಾಡಿಗೆಗೆ 12,480 ರೂ. ಆಗುತ್ತದೆ. ಕಡಿಮೆ ದರದ ಪ್ರಮಾಣಪತ್ರಕ್ಕೆ ಇಲಾಖೆಗೆ ಅರ್ಜಿ ಹಾಕಲು, ರಿಟರ್ನ್ಸ್ ಸಲ್ಲಿಸಿ ಹೆಚ್ಚುವರಿ ಹಣ ವಾಪಸು ಪಡೆಯಲು ಮಗನಿಗೆ ಅವಕಾಶವಿದೆ. ಆದರೆ 12 ಲಕ್ಷದ ರಿಯಾಯಿತಿ ಅನಿವಾಸಿಗಳಿಗಿಲ್ಲ. ಕಡಿತ ಮಾಡದ ಬಾಡಿಗೆದಾರನೂ ಇಲಾಖೆಗೆ ಉತ್ತರಿಸಬೇಕಾಗುತ್ತದೆ. ಮನೆ ಹಿಡಿಯುವ ಮುನ್ನ ಮಾಲೀಕರು ಎಲ್ಲಿದ್ದಾರೆಂದು ವಿಚಾರಿಸುವುದು ಒಳ್ಳೆಯದು.

ಗಂಡ ಹೆಂಡತಿ ಜಂಟಿ ಮಾಲೀಕರಾಗಿದ್ದು ಪಾಲು ನಿಶ್ಚಿತವಾಗಿದ್ದರೆ ಬಾಡಿಗೆ ಆದಾಯವನ್ನು ಪಾಲಿನಂತೆ ಇಬ್ಬರೂ ತೋರಿಸಬೇಕು. ತೆರಿಗೆ ಉಳಿಸಲೆಂದು ಪ್ರತಿಫಲವಿಲ್ಲದೆ ಪತ್ನಿಯ ಹೆಸರಿಗೆ ಮನೆ ಬರೆದರೆ ಪ್ರಯೋಜನವಿಲ್ಲ. ತೆರಿಗೆಯ ಮಟ್ಟಿಗೆ ಗಂಡನೇ ಮಾಲೀಕನೆಂದು 27ನೇ ಕಲಂ ಹೇಳುತ್ತದೆ.

ಅಂಗಡಿ, ಪಿ.ಜಿ., ಹೋಂಸ್ಟೇ

ಕೆಳ ಅಂತಸ್ತಿನಲ್ಲಿ ರಸ್ತೆಗೆ ಮುಖಮಾಡಿ ಅಂಗಡಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರೂ ಆದಾಯ ತೆರಿಗೆಯ ಲೆಕ್ಕ ಮನೆ ಬಾಡಿಗೆಯಂತೆಯೇ. ಮಾಲೀಕನೇ ಅಲ್ಲಿ ವ್ಯಾಪಾರ, ವಕೀಲಿಕೆ, ಚಿಕಿತ್ಸಾಲಯ ನಡೆಸುತ್ತಿದ್ದರೆ ಆ ಭಾಗ ಈ ಶೀರ್ಷಿಕೆಗೆ ಬರುವುದಿಲ್ಲ. ವ್ಯತ್ಯಾಸವಿರುವುದು ಸರಕು ಮತ್ತು ಸೇವಾ ತೆರಿಗೆಯಲ್ಲಿ. ಕುಟುಂಬದ ವಾಸಕ್ಕೆ ಕೊಟ್ಟ ಮನೆಗೆ ಜಿಎಸ್‌ಟಿ ಇಲ್ಲ. ಅಂಗಡಿಯ ಬಾಡಿಗೆಗೆ ಶೇ. 18 ಇದೆಯಾದರೂ ಮಾಲೀಕನ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ರೂ. ಮೀರುವ ತನಕ ಆತ ನೋಂದಾಯಿಸಿಕೊಳ್ಳಬೇಕಿಲ್ಲ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕನಿಂದ ಮಳಿಗೆ ಪಡೆದ ನೋಂದಾಯಿತ ವ್ಯಾಪಾರಿ ತಾನೇ ಆ ತೆರಿಗೆ ಕಟ್ಟಬೇಕು. ರಾಜಿ ತೆರಿಗೆ ಯೋಜನೆಯ ಸಣ್ಣ ವ್ಯಾಪಾರಿಗಳನ್ನು ನಂತರ ಇದರಿಂದ ಹೊರಗಿಡಲಾಯಿತು.

ಮೇಲಿನ ಕೋಣೆಗಳನ್ನು ವಿದ್ಯಾರ್ಥಿಗಳಿಗೆ, ನೌಕರಿಯ ಯುವಕ ಯುವತಿಯರಿಗೆ ಕೊಡುವ ಪಿ.ಜಿ. ವ್ಯವಸ್ಥೆಯ ಬಗ್ಗೆ ಬಹಳ ಗೊಂದಲವಾಗಿತ್ತು. ಹಾಸ್ಟೆಲ್, ಪಿ.ಜಿ.ಗಳಿಗೆ ಶೇ. 12 ಜಿಎಸ್‌ಟಿ ಅನ್ವಯವೆಂದು ಮುಂಗಡ ತೀರ್ಪು ಪ್ರಾಧಿಕಾರದ ಕರ್ನಾಟಕ ಪೀಠ 2023ರಲ್ಲಿ ಹೇಳಿತು. ಆನಂತರ 2024ರ ಜುಲೈ 15ರಿಂದ, ತಲಾ ತಿಂಗಳಿಗೆ 20,000 ರೂ. ಮೀರದ, ಕನಿಷ್ಠ 90 ದಿನ ಸತತವಾಗಿ ನೀಡುವ ವಸತಿಗೆ ವಿನಾಯಿತಿ ದೊರೆಯಿತು.

ಇನ್ನು ಆದಾಯ ತೆರಿಗೆ. ಮನೆಯನ್ನು ಬಾಡಿಗೆಗೆ ಕೊಟ್ಟು ಅದನ್ನು 'ವ್ಯಾಪಾರದ ಆದಾಯ'ವೆಂದು ತೋರಿಸಿ, ಸುಣ್ಣ ಬಣ್ಣದಿಂದ ಹಿಡಿದು ಸವಕಳಿಯವರೆಗೆ ಎಲ್ಲವನ್ನೂ ಕಳೆಯುತ್ತಿದ್ದವರಿಗೆ 2024ರ ಹಣಕಾಸು ಕಾಯ್ದೆ ಕಡಿವಾಣ ಹಾಕಿತು. ವಾಸದ ಮನೆಯನ್ನಾಗಲಿ ಅದರ ಒಂದು ಭಾಗವನ್ನಾಗಲಿ ಮಾಲೀಕನು ಬಾಡಿಗೆಗೆ ಕೊಟ್ಟು ಪಡೆದ ಆದಾಯ ಇನ್ನು ಮನೆ ಆಸ್ತಿಯ ಆದಾಯವೇ ಹೊರತು ವ್ಯಾಪಾರದ್ದಲ್ಲ. ಇದು 2024-25ನೇ ಹಣಕಾಸು ವರ್ಷದ ಆದಾಯದಿಂದಲೇ ಅನ್ವಯಿಸಿತು. ಕೊಡಗು, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳ ಸ್ವರೂಪ ಬೇರೆ. ಅಲ್ಲಿ ಊಟೋಪಚಾರ, ಹಾಸಿಗೆ ಹೊದಿಕೆ, ದಿನದ ಲೆಕ್ಕದ ಆತಿಥ್ಯ ಎಲ್ಲವೂ ಸೇರಿರುತ್ತದೆ. ಕೇವಲ ಬಾಡಿಗೆಯೆನ್ನಲಾಗದ ಇಂಥ ಆದಾಯವನ್ನು ವ್ಯಾಪಾರದ ಲೆಕ್ಕದಲ್ಲಿ ತೋರಿಸುವುದೇ ರೂಢಿ. ದಿನಕ್ಕೆ 7,500 ರೂ. ವರೆಗಿನ ಕೋಣೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ಹಿಂದಿನ ವರ್ಷಗಳದ್ದು ಬಿಟ್ಟುಹೋಗಿದ್ದರೆ

ಬಾಡಿಗೆಯನ್ನು ತೋರಿಸದೆ ರಿಟರ್ನ್ಸ್ ಸಲ್ಲಿಸಿದವರು ಅಥವಾ ಸಲ್ಲಿಸದೇ ಇದ್ದವರು ಇಲಾಖೆ ಹುಡುಕಿ ಬರುವ ತನಕ ಕಾಯಬೇಕಿಲ್ಲ. ಪರಿಷ್ಕೃತ ಮಾಹಿತಿಯ ರಿಟರ್ನ್ಸ್ ಸಲ್ಲಿಸಲು ಇದ್ದ ಎರಡು ವರ್ಷಗಳ ಗಡುವನ್ನು 2025ರ ಹಣಕಾಸು ಕಾಯ್ದೆ ನಾಲ್ಕು ವರ್ಷಗಳಿಗೆ ಏರಿಸಿತು. ತೆರಿಗೆ ನಿರ್ಧರಣಾ ವರ್ಷ ಮುಗಿದ ಮೊದಲ ವರ್ಷದಲ್ಲಾದರೆ ಬಾಕಿ ತೆರಿಗೆ, ಬಡ್ಡಿಯ ಮೇಲೆ ಶೇ. 25, ಎರಡನೆಯ ವರ್ಷ ಶೇ. 50, ಮೂರನೆಯದಕ್ಕೆ ಶೇ. 60, ನಾಲ್ಕನೆಯದಕ್ಕೆ ಶೇ. 70 ಹೆಚ್ಚುವರಿ ಕಟ್ಟಬೇಕು. ದುಬಾರಿಯೇ ಸರಿ. ಆದರೆ ಇಲಾಖೆಯೇ ಪತ್ತೆ ಹಚ್ಚಿದಾಗ ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50, ಬೇಕೆಂದೇ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಶೇ. 200 ದಂಡ ವಿಧಿಸಲು ಅವಕಾಶವಿದೆ. ಬಾಡಿಗೆ ಕರಾರು, ಕಂದಾಯದ ರಸೀದಿ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಎರಡೂ ಭಾಗಗಳ ವಿಸ್ತೀರ್ಣ ತೋರಿಸುವ ನಕ್ಷೆ, ಈ ನಾಲ್ಕನ್ನು ಒಂದೆಡೆ ಇಟ್ಟುಕೊಂಡರೆ ಹಳೆಯ ವರ್ಷಗಳ ಲೆಕ್ಕವನ್ನೂ ಒಂದು ಸಂಜೆಯಲ್ಲಿ ಹಾಕಿ ಮುಗಿಸಬಹುದು.